ಗಾಜಿನ ಕಡಲು, ಸವುಳು ನೆಲ

ಕೊಟ್ಟಿಗೆ ಕಟ್ಟದೆ ಎಮ್ಮೆ ಕೊಳ್ಳುವ ರೈತ ಎಲ್ಲಿಯೂ ಇಲ್ಲ. ಗೂಟ, ಗೋದಲಿ, ಮೇವಿನ ಬಣವೆ, ನೀರಿನ ಬಾನಿ ಎಲ್ಲವೂ ಸಿದ್ಧವಾದ ಮೇಲೆಯೇ ಅವನು ದನದ ಸಂತೆಗೆ ಹೊರಡುತ್ತಾನೆ. ಹೊಸ ಎಮ್ಮೆ ಮನೆಗೆ ಬಂದ ಮೊದಲ ವಾರ ಅದು ಮೇವು ಮುಟ್ಟಿತೇ, ಮೆಲುಕು ಹಾಕಿತೇ ಎಂದು ಹಗಲಿರುಳು ನೋಡುತ್ತಾನೆ. ತಲೆಮಾರುಗಳಿಂದ ಬಂದ ಈ ವಿವೇಕವು, ಅದೇ ರೈತನ ಮಗ ಪಟ್ಟಣದಲ್ಲಿ ಮನೆ ಕಟ್ಟಿಸಿ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇರಿಸಿಕೊಳ್ಳುವ ಹೊತ್ತಿಗೆ ಎಲ್ಲಿ ಮಾಯವಾಗುತ್ತದೆ? ಅಲ್ಲಿ ಜೀವಿ ಮೊದಲು ಬರುತ್ತದೆ. ಅದಕ್ಕೊಂದು ನೆಲೆ ಬೇಕಾಗಿತ್ತೆಂಬ ಅರಿವು ಅದು ಸತ್ತ ಮೇಲೆ ಬರುತ್ತದೆ.

ಬಣ್ಣದ ಮೀನಿನ ತೊಟ್ಟಿ ಯಾವ ಊರಿಗೂ ಹೊಸದಲ್ಲ. ಆದರೆ ಸಿಹಿನೀರಿನ ಮೀನಿನಿಂದ ತೃಪ್ತರಾಗದವರಿಗೆ ಉಪ್ಪುನೀರಿನ ‘ರೀಫ್ ಅಕ್ವೇರಿಯಂ’, ಅಂದರೆ ಹವಳದಿಬ್ಬದ ಮಾದರಿಯ ತೊಟ್ಟಿ, ಈಗಿನ ಆಕರ್ಷಣೆ. ಮಹಾನಗರದ ಅಂಗಡಿಯಲ್ಲಿ ಕೊಂಡ ಕಡಲಜೀವಿಯನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯ ಬಸ್ಸಿಗೆ ಹಾಕಿದರೆ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂತಹ ಊರುಗಳಿಗೂ ಅದನ್ನು ಮರುದಿನ ತಲುಪಿಸಬಹುದು. ಕಷ್ಟವಿರುವುದು ತಲುಪಿದ ಮೇಲೆ. ಹೀಗೆ ಮಾರಾಟವಾಗುವ ಜೀವಿಗಳಲ್ಲಿ ಒಂದು ‘ಟ್ಯೂಬ್ ಅನಿಮೋನ್’. ಕನ್ನಡದಲ್ಲಿ ಅದನ್ನು ಕೊಳವೆ ಕಡಲಹೂವು ಎನ್ನಬಹುದು. ಈ ಒಂದೇ ಒಂದು ಜೀವಿಗೆ ನೆಲೆ ಒದಗಿಸಲು ಬೇಕಾಗುವುದೇನು ಎಂಬುದನ್ನು ಸಾವಧಾನವಾಗಿ ಲೆಕ್ಕ ಹಾಕಿದರೆ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರುಂಡ ಈ ಸೀಮೆ ತನ್ನ ನೆಲಕ್ಕೆ ಏನು ಮಾಡಿಕೊಂಡಿದೆ ಎಂಬುದೂ ಅದೇ ಲೆಕ್ಕದಲ್ಲಿ ಕಾಣಿಸುತ್ತದೆ.

ಬಯಲುಸೀಮೆಯ ಈ ಮಾತು ಮಲೆನಾಡಿನವರಿಗೇಕೆ ಎಂಬ ಪ್ರಶ್ನೆ ಏಳಬಹುದು. ಕೃಷ್ಣೆ ಹುಟ್ಟುವುದು ಮಹಾಬಲೇಶ್ವರದಲ್ಲಿ. ಘಟಪ್ರಭೆಯ ಮೂಲವೂ ಸಹ್ಯಾದ್ರಿಯೇ. ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯೇ ಮುಧೋಳದ ಕಾಲುವೆಯಲ್ಲಿ ಹರಿದು ಕಬ್ಬಿನ ಬುಡ ಸೇರುತ್ತದೆ. ಘಟ್ಟದ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಬಯಲು. ನಡುವೆ ನಿಂತ ಬೆಟ್ಟದ ಜನ ಎರಡೂ ಕಡೆಯ ಲೆಕ್ಕವನ್ನು ಕೇಳುವುದು ಸಹಜವೇ ಆಗಿದೆ.

ಹೂವಲ್ಲ, ಪ್ರಾಣಿ

ಹೆಸರಿನಲ್ಲಿ ಹೂವಿದ್ದರೂ ಇದು ಪ್ರಾಣಿ. ಹವಳ, ಜೆಲ್ಲಿಮೀನುಗಳಂತೆ ಕುಟುಕುವ ಕಣಗಳುಳ್ಳ ಪ್ರಾಣಿವರ್ಗಕ್ಕೆ ಸೇರಿದ್ದು. ಸಾಮಾನ್ಯ ಕಡಲಹೂವುಗಳಿಗೆ ಬಂಡೆಯನ್ನು ಅಂಟಿ ಹಿಡಿಯುವ ಅಗಲವಾದ ಪಾದವಿರುತ್ತದೆ. ಕೊಳವೆ ಕಡಲಹೂವಿಗೆ ಅಂತಹ ಪಾದವಿಲ್ಲ. ಅದರ ಶರೀರದ ಕೆಳತುದಿ ಮೊನಚಾಗಿದ್ದು, ಮರಳು ಅಥವಾ ಕೆಸರಿನೊಳಗೆ ಕೊರೆದುಕೊಂಡು ಇಳಿಯುವುದಕ್ಕೆಂದೇ ರೂಪುಗೊಂಡಿದೆ. ಮೇಲ್ತುದಿಯಲ್ಲಿ ಎರಡು ಸುತ್ತು ಎಸಳುಬಾಹುಗಳು: ಹೊರಸುತ್ತಿನವು ನೀಳವಾಗಿ ಬಾಗಿ ಬೇಟೆ ಹಿಡಿಯುತ್ತವೆ, ಒಳಸುತ್ತಿನ ಗಿಡ್ಡ ಬಾಹುಗಳು ಅದನ್ನು ಬಾಯಿಗೆ ದಾಟಿಸುತ್ತವೆ.

ಈ ಪ್ರಾಣಿಯ ನಿಜವಾದ ವಿಶೇಷ ಅದರ ಕೊಳವೆ. ಇತರ ಕಡಲಹೂವುಗಳಲ್ಲಿಲ್ಲದ ಒಂದು ಬಗೆಯ ಕಣಗಳು ಇದರ ಮೈಮೇಲಿವೆ. ವಿಜ್ಞಾನಿಗಳು ಅವುಗಳನ್ನು ಟೈಕೋಸಿಸ್ಟ್ ಎನ್ನುತ್ತಾರೆ. ಅವು ಹೊರಚಿಮ್ಮುವ ಸೂಕ್ಷ್ಮವಾದ ಎಳೆಗಳು ಲೋಳೆಯೊಡನೆ ಹೆಣೆದುಕೊಂಡು, ಸುತ್ತಲಿನ ಮರಳಿನ ಕಣಗಳನ್ನೂ ಸೇರಿಸಿಕೊಂಡು ಗಟ್ಟಿಯಾದ, ಬಾಗಬಲ್ಲ ಕೊಳವೆಯಾಗುತ್ತವೆ. ಬನಹಟ್ಟಿಯ ನೇಕಾರರಿಗೆ ತಿಳಿಯುವಂತೆ ಹೇಳುವುದಾದರೆ, ಈ ಪ್ರಾಣಿ ತನ್ನ ನೂಲನ್ನು ತಾನೇ ತೆಗೆದು ತನ್ನ ಮನೆಯನ್ನು ತಾನೇ ನೇಯುತ್ತದೆ. ಕೊಳವೆ ಶರೀರಕ್ಕಿಂತ ಬಹಳ ಉದ್ದ. ಕೆಲವು ಪ್ರಭೇದಗಳಲ್ಲಿ ಅದು ಒಂದು ಮೀಟರನ್ನೂ ದಾಟುತ್ತದೆ. ಅಪಾಯದ ಸುಳಿವು ಸಿಕ್ಕ ಕ್ಷಣದಲ್ಲಿ ಪ್ರಾಣಿ ಈ ಆಳಕ್ಕೆ ಸರಕ್ಕನೆ ಇಳಿದುಬಿಡುತ್ತದೆ. ಅಷ್ಟೇ ಅಲ್ಲ, ಆ ಕೊಳವೆಯ ಗೋಡೆಯಲ್ಲಿ ಬೇರೆಯವರೂ ಮನೆ ಮಾಡಿಕೊಂಡಿರುತ್ತಾರೆ. ಫೊರೊನಿಡ್ ಎಂಬ ಹುಳುರೂಪಿ ಜೀವಿಗಳ ಒಂದು ಪ್ರಭೇದ ವಾಸಿಸುವುದೇ ಇಂತಹ ಕೊಳವೆಗಳ ಗೋಡೆಯೊಳಗೆ. ಒಂದು ಕೊಳವೆಯನ್ನು ಕಿತ್ತರೆ ಕಿತ್ತಿದ್ದು ಒಂದು ಜೀವವನ್ನಲ್ಲ, ಒಂದು ಕೇರಿಯನ್ನು.

ಮನುಷ್ಯರ ಸಂಕಟವನ್ನು ಕಡಲಜೀವಿಯ ಸಂಕಟದೊಡನೆ ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು. ಆದರೂ ಬೀಳಗಿಯ ಕಡೆಯವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 519.6 ಮೀಟರಿನವರೆಗೆ ಏರಿದಾಗ ಅಲ್ಲಿನ ಎಷ್ಟೋ ಊರುಗಳು ಎದ್ದು ಬೇರೆಡೆಗೆ ಹೋಗಬೇಕಾಯಿತು. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಯೋಜನೆ ಇನ್ನಷ್ಟು ಊರುಗಳನ್ನು ಎಬ್ಬಿಸುವಂಥದ್ದು. ನಿವೇಶನ ಹಂಚಿದ ಮಾತ್ರಕ್ಕೆ ಊರು ಆಗುವುದಿಲ್ಲ, ಗೋಡೆ ಎಬ್ಬಿಸಿದ ಮಾತ್ರಕ್ಕೆ ಮನೆ ಆಗುವುದಿಲ್ಲ ಎಂಬುದನ್ನು ಆ ಜನ ಉಂಡು ಬಲ್ಲರು. ನೆಲೆಯನ್ನು ಕಿತ್ತು ಬೇರೆಡೆ ಇಟ್ಟರೆ ಅದು ನೆಲೆಯಾಗಿ ಉಳಿಯುವುದಿಲ್ಲ.

ತಂದಾಗಿದೆ ಎಂದಾದರೆ

ಕೊಳ್ಳಬಾರದಾಗಿತ್ತು ಎಂಬುದು ಈ ಬರಹದ ನಿಲುವು. ಆದರೆ ಚೀಲದಲ್ಲಿ ಬಂದು ಬಾಗಿಲಲ್ಲಿ ಕೂತ ಜೀವಿಗೆ ಆ ನಿಲುವಿನಿಂದ ಏನೂ ಪ್ರಯೋಜನವಿಲ್ಲ. ಅದನ್ನು ಬದುಕಿಸುವುದು ಕೊಂಡವನ ಕರ್ತವ್ಯ. ಮಾರುವವರು ‘ತೊಟ್ಟಿಯೊಳಗೆ ಬಿಟ್ಟರೆ ತಾನೇ ನೆಲೆಯೂರುತ್ತದೆ’ ಎನ್ನುವ ಮಾತು ಅರ್ಧಸತ್ಯವಾಗಿರುವುದರಿಂದ, ಸರಿಯಾದ ಕ್ರಮವನ್ನು ಇಲ್ಲಿ ಹೇಳಲಾಗಿದೆ.

ಮೊದಲನೆಯದಾಗಿ, ತೊಟ್ಟಿ ಹಳೆಯದಾಗಿರಬೇಕು. ಹೊಸ ತೊಟ್ಟಿಯಲ್ಲಿ ಜೀವಿಗಳ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಇನ್ನೂ ಬೆಳೆದಿರುವುದಿಲ್ಲ. ಮರಳಿನಲ್ಲಿ, ಕಲ್ಲಿನಲ್ಲಿ ಅವು ನೆಲೆಸಿ, ಪರೀಕ್ಷೆಯಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯೆಂದು ಸ್ಥಿರವಾಗಿ ಬರುವವರೆಗೆ, ಅಂದರೆ ಹಲವು ತಿಂಗಳು, ಕಾಯಬೇಕು. ಕೊಟ್ಟಿಗೆ ಗೊಬ್ಬರ ಕಳಿಯುವ ಮೊದಲೇ ಗದ್ದೆಗೆ ಹಾಕಿದರೆ ಸಸಿ ಸುಟ್ಟುಹೋಗುವುದನ್ನು ಕಂಡವರಿಗೆ ಇದು ಹೊಸ ಪಾಠವಲ್ಲ.

ಎರಡನೆಯದು ಹಾಸು. ಅಂಗಡಿಯ ತೊಟ್ಟಿಗಳಲ್ಲಿ ಅಂದಕ್ಕಾಗಿ ಎರಡು ಬೆರಳು ಮರಳು ಹಾಸಿರುತ್ತಾರೆ. ಕೊಳವೆ ಕಡಲಹೂವಿಗೆ ಕನಿಷ್ಠ 15 ಸೆಂಟಿಮೀಟರ್ ಆಳದ ನಯವಾದ ಮರಳು ಬೇಕು, ಹೆಚ್ಚಿದ್ದಷ್ಟೂ ಒಳ್ಳೆಯದು. ತೊಟ್ಟಿಯುದ್ದಕ್ಕೂ ಅಷ್ಟು ಹಾಸಲಾಗದಿದ್ದರೆ ಅಗಲವಾದ ಪಿವಿಸಿ ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಮರಳು ತುಂಬಿ, ಸುತ್ತಲೂ ಕಲ್ಲು ಒತ್ತರಿಸಿ ಮರೆಮಾಡಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಪ್ರಾಣಿಗೆ ಅನ್ವಯಿಸುವುದಿಲ್ಲ. ಕಾಲಿನ ಉದ್ದ ನೋಡಿ ಹಾಸಿಗೆ ಹಾಸಬೇಕು.

ಮೂರನೆಯದು ನೀರಿಗೆ ಹೊಂದಿಸುವ ಕ್ರಮ. ತೊಟ್ಟಿಯ ದೀಪ ಆರಿಸಿ, ಮುಚ್ಚಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟರೆ ಶಾಖ ಸಮವಾಗುತ್ತದೆ. ಬಳಿಕ ಚೀಲದ ನೀರಿನೊಡನೆ ಪ್ರಾಣಿಯನ್ನು ಪಾತ್ರೆಗಿಳಿಸಿ, ತೊಟ್ಟಿಯ ನೀರನ್ನು ಸಣ್ಣ ನಳಿಕೆಯಿಂದ ಹನಿ ಹನಿಯಾಗಿ ಸೇರಿಸಬೇಕು. ಹನಿ ನೀರಾವರಿ ಬಲ್ಲ ಜಮಖಂಡಿಯ ದ್ರಾಕ್ಷಿ ಬೆಳೆಗಾರರಿಗೆ ಈ ಏರ್ಪಾಡು ಅಪರಿಚಿತವಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ದೂರದಿಂದ ಬಂದ ಚೀಲದಲ್ಲಿ ಪ್ರಾಣಿಯ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಸೇರಿ ನೀರು ಆಮ್ಲೀಯವಾಗಿರುತ್ತದೆ, ಹಾಗಾಗಿ ಅಲ್ಲಿ ಕೂಡಿದ ಅಮೋನಿಯಾ ಅಷ್ಟಾಗಿ ವಿಷಕಾರಿಯಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಆ ಅನಿಲ ಹೊರಹೋಗಿ, ಕ್ಷಾರೀಯತೆ ಏರಿ, ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ದೂರ ಪ್ರಯಾಣದ ಜೀವಿಯನ್ನು ಗಂಟೆಗಟ್ಟಲೆ ಹಳೆಯ ನೀರಿನಲ್ಲಿಯೇ ಇಡುವುದು ದಯೆಯಲ್ಲ. ಲವಣಾಂಶದ ವ್ಯತ್ಯಾಸವನ್ನು ಮೊದಲೇ ಅಳೆದುಕೊಂಡು, ಅದು ಅಲ್ಪವಾಗಿದ್ದರೆ ಬೇಗ ಮುಗಿಸಬೇಕು. ಚೀಲದ ನೀರು ತೊಟ್ಟಿಗೆ ಬೀಳಬಾರದು.

ನಾಲ್ಕನೆಯದು ಇರಿಸುವ ಬಗೆ. ಮರಳಿನಲ್ಲಿ ಬೆರಳಿನಿಂದ ಕುಳಿ ತೋಡಿ, ಮೊನಚಾದ ತುದಿ ಕೆಳಗಿರುವಂತೆ, ಕೊಳವೆ ಸಮೇತ ನಿಧಾನವಾಗಿ ಇಳಿಸಬೇಕು. ಕೊಳವೆ ಕೊಳಕಾಗಿ ಕಂಡಿತೆಂದು ಸುಲಿಯಬಾರದು. ಕಿತ್ತು ತರುವಾಗಲೇ ಕೊಳವೆ ಹರಿದುಹೋಗಿ ಬರಿಮೈಯಲ್ಲಿ ಬಂದ ಪ್ರಾಣಿಯೂ ಆಳವಾದ ಮರಳು ಸಿಕ್ಕರೆ ಮತ್ತೆ ನೇಯಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು, ನೆಮ್ಮದಿ ಬೇಕು. ನೀರಿನ ಸೆಳೆತ ಮೃದುವಾಗಿರಬೇಕು. ನೆಲೆ ಹಿಡಿಸದೆ ಅಲೆಯುವ ಪ್ರಾಣಿಯನ್ನು ಪಂಪು ಒಳಗೆಳೆದು ಚಿಂದಿ ಮಾಡಬಹುದಾದ್ದರಿಂದ ಪಂಪಿನ ಬಾಯಿಗೆ ಸ್ಪಂಜು ಕಟ್ಟಬೇಕು. ಇದರ ಬಾಹುಗಳು ಕುಟುಕುತ್ತವೆ. ಪಕ್ಕದ ಹವಳಕ್ಕೂ ಸಣ್ಣ ಮೀನಿಗೂ ಅಪಾಯವಿದೆ. ಬಾಹು ಪೂರ್ತಿ ಚಾಚಿದರೂ ತಾಗದಷ್ಟು ಅಂತರ ಬೇಕು. ಹಾಗೆ ನೋಡಿದರೆ ಹವಳಗಳಿಂದ ಕಿಕ್ಕಿರಿದ ತೊಟ್ಟಿ ಇದಕ್ಕೆ ತಕ್ಕ ಮನೆಯೇ ಅಲ್ಲ. ಒಂಟಿಯಾಗಿ, ಆಳ ಮರಳಿನ ಬೇರೆ ತೊಟ್ಟಿಯಲ್ಲಿಡುವುದೇ ಲೇಸು.

ಐದನೆಯದು ಆಹಾರ. ಅನೇಕ ಹವಳಗಳ ಮೈಯಲ್ಲಿ ಪಾಚಿಗಳಿದ್ದು ಅವು ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತವೆ. ಕೊಳವೆ ಕಡಲಹೂವಿನ ಮೈಯಲ್ಲಿ ಅಂತಹ ಪಾಚಿಯಿಲ್ಲ. ದುಬಾರಿ ದೀಪಗಳು ಅದಕ್ಕೆ ಒಂದು ತುತ್ತನ್ನೂ ಕೊಡಲಾರವು. ಅದು ಹೆಚ್ಚಾಗಿ ಅರಳುವುದೇ ಕತ್ತಲಲ್ಲಿ. ಮೊದಲ ಒಂದೆರಡು ದಿನ ಬಿಟ್ಟು, ರಾತ್ರಿ ಬಾಹುಗಳು ಬಿಚ್ಚಿಕೊಂಡಾಗ ಸಣ್ಣ ಸೀಗಡಿಯಂತಹ ಆಹಾರವನ್ನು ವಾರಕ್ಕೆ ಎರಡು ಮೂರು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು, ಉಳಿದುದನ್ನು ತೆಗೆಯಬೇಕು. ನೆಂಟರಿಗೆ ತೋರಿಸಲೆಂದು ಹಗಲು ಅದನ್ನು ಕೆಣಕಿ ಎಬ್ಬಿಸುವುದು ಕ್ರೌರ್ಯ.

ಕೊನೆಯದಾಗಿ ತಾಮ್ರ. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವನ್ನೇ ಮೀನಿನ ರೋಗಗಳಿಗೂ ಔಷಧವಾಗಿ ಬಳಸುವುದುಂಟು. ಮೀನು ತಾಳಿಕೊಳ್ಳುವ ಪ್ರಮಾಣದ ತಾಮ್ರವೇ ಬೆನ್ನೆಲುಬಿಲ್ಲದ ಈ ಜೀವಿಗೆ ಮರಣ. ಒಮ್ಮೆ ತಾಮ್ರ ಕಂಡ ಮರಳು, ಕಲ್ಲುಗಳಲ್ಲಿ ಅದರ ಅಂಶ ಬಹುಕಾಲ ಉಳಿಯುತ್ತದೆ.

ಆವಿಯಾಗುವುದು ನೀರು, ಉಳಿಯುವುದು ಉಪ್ಪು

ಈಗ ಈ ತೊಟ್ಟಿಯನ್ನು ಜಮಖಂಡಿಯ ಬೇಸಿಗೆಯಲ್ಲಿಟ್ಟು ನೋಡಬೇಕು. ಹತ್ತಿರದ ಕಡಲಿಗೆ ರಸ್ತೆಯಲ್ಲಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತೊಟ್ಟಿಯ ನೀರು 25 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅಂದರೆ ಶೈತ್ಯಯಂತ್ರ ಬೇಕು, ಅದಕ್ಕೆ ಬಿಡುವಿಲ್ಲದ ವಿದ್ಯುತ್ ಬೇಕು. ರೈತನ ಪಂಪ್‌ಸೆಟ್ಟಿಗೆ ಪಾಳಿಯ ಮೇಲೆ ಕರೆಂಟು ಕೊಡುವ ಸೀಮೆಯಲ್ಲಿ ಒಂದು ಕಡಲಹೂವಿಗೆ ಇಪ್ಪತ್ನಾಲ್ಕು ಗಂಟೆಯ ಕರೆಂಟು! ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಬಳಸುವಂತಿಲ್ಲ. ರಸಗೊಬ್ಬರದ ನೈಟ್ರೇಟ್ ಇಳಿದ ಅಂತರ್ಜಲವಾದರಂತೂ ಸರಿಯೇ ಸರಿ. ಅದನ್ನು ಆರ್.ಓ. ಯಂತ್ರದಲ್ಲಿ ಸೋಸಿ, ಒಂದು ಪಾಲು ನೀರನ್ನು ಚರಂಡಿಗೆ ಬಿಟ್ಟು, ಉಳಿದುದಕ್ಕೆ ಕಡಲುಪ್ಪಿನ ಮಿಶ್ರಣ ಬೆರೆಸಿ ಲೀಟರಿಗೆ 35 ಗ್ರಾಂ ಲವಣಾಂಶಕ್ಕೆ ತರಬೇಕು.

ಇಷ್ಟಾದ ಮೇಲೆ ಪ್ರತಿದಿನದ ಒಂದು ಕೆಲಸ ಉಳಿಯುತ್ತದೆ. ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಹಾಗಾಗಿ ಲವಣಾಂಶ ದಿನದಿಂದ ದಿನಕ್ಕೆ ಏರುತ್ತದೆ. ತುಂಬಿಸಬೇಕಾದದ್ದು ಸಿಹಿನೀರನ್ನು, ಉಪ್ಪುನೀರನ್ನಲ್ಲ. ಇದನ್ನು ಮರೆತವರ ತೊಟ್ಟಿಯಲ್ಲಿ ಪ್ರಾಣಿ ಕೆಲವೇ ವಾರಗಳಲ್ಲಿ ಕುಗ್ಗಿ ಸಾಯುತ್ತದೆ. ಆಸಕ್ತರು ಇದನ್ನು ಬಹುಬೇಗ ಕಲಿಯುತ್ತಾರೆ, ರಿಫ್ರಾಕ್ಟೋಮೀಟರ್ ಕೊಂಡು ಒಂದು ಹನಿ ನೀರನ್ನು ಅದರ ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ.

ಹಾಗಾದರೆ ಅದೇ ಮನೆಯ ಹೊಲದಲ್ಲಿ ನಡೆಯುತ್ತಿರುವುದೇನು? ಹೊಲಕ್ಕೆ ಹಾಯಿಸಿದ ನೀರನ್ನು ಬಿಸಿಲು ಹೀರುತ್ತದೆ, ಕಬ್ಬು ಹೀರುತ್ತದೆ. ನೀರಿನಲ್ಲಿದ್ದ ಲವಣ ಮಣ್ಣಿನಲ್ಲಿಯೇ ಉಳಿಯುತ್ತದೆ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರನ್ನು ವರ್ಷದಲ್ಲಿ ಒಟ್ಟು ಒಂದು ಮೀಟರಿನಷ್ಟು ಹಾಯಿಸಿದರೆ ಹೆಕ್ಟೇರಿಗೆ ಐದು ಟನ್ ಲವಣ ಸುರಿದಂತಾಯಿತು. ಕಬ್ಬಿಗೆ ಹಾಯಿಸುವುದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ಮಲೆನಾಡಿನಲ್ಲಾದರೆ ಮಳೆಗಾಲ ಮಣ್ಣನ್ನು ತೊಳೆದುಬಿಡುತ್ತದೆ; ಎಷ್ಟೆಂದರೆ, ಅಲ್ಲಿನ ಮಣ್ಣು ಹುಳಿಯಾಗಿ ಸುಣ್ಣ ಹಾಕಬೇಕಾಗುತ್ತದೆ. ಬಾಗಲಕೋಟೆ ಸೀಮೆಯಲ್ಲಿ ಬೀಳುವ 600 ಮಿಲಿಮೀಟರಿನ ಆಸುಪಾಸಿನ ಮಳೆಗೆ ಎರೆಮಣ್ಣಿನ ಉಪ್ಪನ್ನು ತೊಳೆಯುವ ಶಕ್ತಿಯಿಲ್ಲ. ಎರೆಮಣ್ಣಿನಲ್ಲಿ ನೀರು ಬೇಗ ಇಳಿಯುವುದೂ ಇಲ್ಲ. ಅಂತರ್ಜಲ ಮೇಲೇರಿ, ಬಸಿಯಲು ದಾರಿಯಿಲ್ಲದೆ, ಉಪ್ಪು ನೆಲದ ಮೇಲೆ ಬೆಳ್ಳಗೆ ಹೂವಾಡುತ್ತದೆ. ಘಟಪ್ರಭಾ ಅಚ್ಚುಕಟ್ಟಿನ ರೈತರು ಸವುಳು-ಜವುಳು ಎಂದು ಕರೆಯುವುದು ಇದನ್ನೇ.

ಮಣ್ಣಿನ ಸಾರದ ವಿದ್ಯುದ್ವಾಹಕತೆ, ಅಂದರೆ ಇ.ಸಿ., ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವುಳು ಮಣ್ಣೆಂದು ಗುರುತಿಸುತ್ತಾರೆ. ಆದರೆ ಕಬ್ಬಿನ ಇಳುವರಿ 1.7ರಿಂದಲೇ ಇಳಿಯತೊಡಗುತ್ತದೆ. ಕಣ್ಣಿಗೆ ಬಿಳಿಪದರ ಕಾಣುವ ಮುನ್ನವೇ ನಷ್ಟ ಮೊದಲಾಗಿರುತ್ತದೆ. ಅಳೆಯದವನಿಗೆ ಅದು ತಿಳಿಯುವುದಿಲ್ಲ. ಇಳುವರಿ ಕುಂದಿತೆಂದು ಅವನು ಇನ್ನೊಂದು ಚೀಲ ಗೊಬ್ಬರ ಸುರಿಯುತ್ತಾನೆ, ಇನ್ನೊಂದು ಪಾಳಿ ನೀರು ಬಿಡುತ್ತಾನೆ. ಪಡಸಾಲೆಯಲ್ಲಿ ಇನ್ನೂರು ಲೀಟರಿನ ತೊಟ್ಟಿಯ ಲವಣಾಂಶವನ್ನು ದಿನವೂ ಅಳೆಯುವ ಮನೆಯವರು, ಇಪ್ಪತ್ತು ಎಕರೆಯ ಇ.ಸಿ.ಯನ್ನು ವರ್ಷಕ್ಕೊಮ್ಮೆಯಾದರೂ ಅಳೆಸಿದ್ದಾರೆಯೇ? ಗಾಜಿನೊಳಗಿನ ಕಡಲಿಗೆ ಸಿಹಿನೀರು ತುಂಬಬೇಕೆಂಬ ಎಚ್ಚರವಿದ್ದವರಿಗೆ, ಹೊಲಕ್ಕೆ ಬಸಿಗಾಲುವೆ ಬೇಕೆಂಬ ಎಚ್ಚರ ಏಕಿಲ್ಲ?

ಸಾಮರ್ಥ್ಯವಿಲ್ಲವೆಂದು ಹೇಳುವಂತಿಲ್ಲ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಸರ್ಕಾರಕ್ಕೆ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮ ಹಣ ಮತ್ತು ಬೆವರಿನಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಆ ಹೆಸರು ಸಾರ್ಥಕವಾದದ್ದೇ. ನೀರನ್ನು ತಡೆದು ತರಲು ಅಂತಹ ಒಗ್ಗಟ್ಟು ತೋರಿದ ಜನ, ಹೊಲದಿಂದ ಹೆಚ್ಚಿನ ನೀರನ್ನು ಬಸಿದು ಕಳಿಸಲು ಅದೇ ಒಗ್ಗಟ್ಟು ತೋರಲಾರರೇ? ಬಸಿಗಾಲುವೆ ಒಬ್ಬ ರೈತನ ಗಡಿಯೊಳಗೆ ಮುಗಿಯುವ ಕೆಲಸವಲ್ಲ. ಒಬ್ಬನ ಹೊಲದಿಂದ ಬಸಿದ ನೀರು ಇನ್ನೊಬ್ಬನ ಹೊಲದಲ್ಲಿ ನಿಲ್ಲದಂತೆ ಹಳ್ಳದವರೆಗೆ ಎಲ್ಲರೂ ಸೇರಿ ತೋಡಬೇಕಾದ ದಾರಿ ಅದು.

ಉಪ್ಪಿನ ಲೆಕ್ಕ ಇಲ್ಲಿಗೂ ಮುಗಿಯಲಿಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಏಳು ಕಿಲೋ ಉಪ್ಪಿರುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರು ಬದಲಿಸಿದರೆ ಪ್ರತಿಸಲ 700 ಗ್ರಾಂ ಉಪ್ಪು ಹೊರಬೀಳುತ್ತದೆ. ವರ್ಷಕ್ಕೆ ಸುಮಾರು ಹದಿನೇಳು ಕಿಲೋ. ಅದು ಹೋಗುವುದೆಲ್ಲಿಗೆ? ಹಿತ್ತಲಿನ ಕರಿಬೇವಿನ ಬುಡಕ್ಕೋ, ಓಣಿಯ ಚರಂಡಿಗೋ, ಅಲ್ಲಿಂದ ಹಳ್ಳಕ್ಕೋ. ಒಂದು ಮನೆಯ ಹದಿನೇಳು ಕಿಲೋದಿಂದ ನದಿ ಕೆಡುವುದಿಲ್ಲವೆಂಬುದು ನಿಜ. ಉಪ್ಪಿನಿಂದಲೇ ನರಳುತ್ತಿರುವ ನೆಲಕ್ಕೆ ಉಪ್ಪನ್ನು ಕೊಂಡು ತಂದು ಸುರಿಯುವುದು ಬುದ್ಧಿವಂತರ ಲಕ್ಷಣವಲ್ಲ ಎಂಬುದೂ ಅಷ್ಟೇ ನಿಜ.

ಹಾಸಿನ ಆಳ

ಮರಳಿನ ಕಥೆಯೂ ಇದೇ. ತೊಟ್ಟಿಯಲ್ಲಿ 15 ಸೆಂಟಿಮೀಟರ್ ಮರಳಿಲ್ಲದಿದ್ದರೆ ಒಂದು ಜೀವಿ ಬದುಕಲಾರದೆಂದು ಒಪ್ಪಿದವರು ನದಿಯ ಹಾಸಿನ ಬಗ್ಗೆಯೂ ಒಪ್ಪಬೇಕಾಗುತ್ತದೆ. ನದಿಯ ಮರಳಿನಲ್ಲಿ ಕಪ್ಪೆಚಿಪ್ಪುಗಳು ಹುದುಗಿರುತ್ತವೆ, ಮರಳದಿಣ್ಣೆಯಲ್ಲಿ ಆಮೆ ಮೊಟ್ಟೆಯಿಡುತ್ತದೆ, ನೀರು ಸೋಸಿ ದಡದ ಬಾವಿಗಿಳಿಯುವುದೂ ಅದೇ ಮರಳಿನಿಂದ. ಸಣ್ಣ ಪ್ರಮಾಣದ ಮರಳು ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿಯೇ ಹೇಳಿತು. ಗಾಜಿನೊಳಗೆ ಮರಳು ಜೀವವೆಂದೂ, ಗಾಜಿನ ಹೊರಗೆ ಅದು ಲೋಡಿನ ಲೆಕ್ಕದ ಸರಕೆಂದೂ ಇಬ್ಬಗೆಯ ನ್ಯಾಯ ಸಲ್ಲದು.

ಮೂರು ಸಮರ್ಥನೆಗಳು

ಈ ಹವ್ಯಾಸದ ಪರವಾಗಿ ಹೇಳಲಾಗುವ ಮಾತುಗಳನ್ನು ತಳ್ಳಿಹಾಕದೆ ವಿಚಾರಿಸುವುದು ನ್ಯಾಯ.

ತೊಟ್ಟಿಯನ್ನು ನೋಡಿ ಮಕ್ಕಳಲ್ಲಿ ನಿಸರ್ಗಪ್ರೀತಿ ಹುಟ್ಟುತ್ತದೆ ಎಂಬುದು ಮೊದಲನೆಯದು. ಹುಟ್ಟಬಹುದು. ಆದರೆ ಆ ಮಗು ಕಲಿಯುವ ಮೊದಲ ಪಾಠ, ಇಷ್ಟವಾದ ಜೀವಿಯನ್ನು ಹಣ ಕೊಟ್ಟರೆ ಮನೆಗೆ ತರಬಹುದು ಎಂಬುದು. ಎರಡನೆಯ ಪಾಠ, ಸತ್ತರೆ ಇನ್ನೊಂದನ್ನು ತರಬಹುದು ಎಂಬುದು. ಮುರ್ಡೇಶ್ವರದ ಎದುರಿನ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ, ಅದರ ಸುತ್ತ ಹವಳಗಳಿವೆ. ಅದು ಕರ್ನಾಟಕದ್ದೇ ಕಡಲು ಎಂದು ನಕಾಶೆಯಲ್ಲಿ ತೋರಿಸಿ, ಒಮ್ಮೆ ಕರಾವಳಿಗೆ ಕರೆದೊಯ್ದು ಇಳಿತದ ಹೊತ್ತಿನ ಬಂಡೆಗುಂಡಿಗಳನ್ನು ಮುಟ್ಟದೆ ನೋಡಲು ಕಲಿಸಿದರೆ ಪ್ರೀತಿಯೂ ಹುಟ್ಟುತ್ತದೆ, ಮರ್ಯಾದೆಯೂ ಹುಟ್ಟುತ್ತದೆ.

ಒಂದು ಜೀವಿಯನ್ನು ತೆಗೆದರೆ ಕಡಲು ಬರಿದಾಗುವುದೇ ಎಂಬುದು ಎರಡನೆಯದು. ಅನೇಕ ಸಿಹಿನೀರಿನ ಅಲಂಕಾರ ಮೀನುಗಳನ್ನು ಕೊಳಗಳಲ್ಲಿ ಮರಿಮಾಡಿಸಿ ಮಾರುತ್ತಾರೆ. ಕೊಳವೆ ಕಡಲಹೂವುಗಳನ್ನು ಹಾಗೆ ವ್ಯಾಪಾರಕ್ಕಾಗಿ ಬೆಳೆಸುವ ವಾಡಿಕೆಯಿಲ್ಲ. ಮಾರಾಟವಾಗುವವು ಕಡಲಿನ ಹಾಸಿನಿಂದ ಅಗೆದು ತೆಗೆದವು. ದಶಕಗಳ ಕಾಲ ಬದುಕಬಲ್ಲ ಪ್ರಾಣಿಯನ್ನು ತೊಟ್ಟಿಯಲ್ಲಿ ತಿಂಗಳುಗಳಲ್ಲಿ ಮುಗಿಸಿ, ಮತ್ತೊಂದನ್ನು ತರಿಸುವುದು ಬೆಳೆಯಲ್ಲ, ಲೂಟಿ. ಘಟ್ಟದ ಜನ ಇದನ್ನು ತಮ್ಮ ಹೊಳೆಗಳಲ್ಲಿಯೇ ಕಂಡಿದ್ದಾರೆ. ‘ಮಿಸ್ ಕೇರಳ’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋದ ಕೆಂಪುಗೆರೆಯ ಮೀನು ಪಶ್ಚಿಮ ಘಟ್ಟದ ತೊರೆಗಳದು. ಅದನ್ನು ಹಿಡಿದ ರಭಸಕ್ಕೆ 2008ರಲ್ಲಿ ಕೇರಳ ಸರ್ಕಾರವೇ ನಿರ್ಬಂಧ ವಿಧಿಸಬೇಕಾಯಿತು. ಕೊಳ್ಳುವ ಪ್ರತಿಯೊಬ್ಬನೂ ಅಂದುಕೊಂಡಿದ್ದು ಒಂದೇ ಮಾತು: ತಾನು ಕೊಂಡದ್ದು ಒಂದೇ ಜೋಡಿ.

ಕಾನೂನು ಇದೆಯಲ್ಲ ಎಂಬುದು ಮೂರನೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಅವುಗಳನ್ನು ಕಿತ್ತು ಮಾರುವುದು ಅಪರಾಧ. ಆ ಪಟ್ಟಿಯಲ್ಲಿ ಮರಳಿನೊಳಗೆ ಮರೆಯಾಗಿ ಬದುಕುವ ಕೊಳವೆ ಕಡಲಹೂವಿನ ಹೆಸರಿರಲಿಲ್ಲ. ಅಕ್ವೇರಿಯಂ ಅಂಗಡಿಗಳನ್ನು ಹದ್ದಿನಲ್ಲಿಡಲು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳನ್ನು ವ್ಯಾಪಾರಿಗಳ ವಿರೋಧದ ನಡುವೆ ಬಳಿಕ ಹಿಂತೆಗೆದುಕೊಳ್ಳಲಾಯಿತು. ಹೆಸರಿಲ್ಲದ ಜೀವಿಗೆ ಕಾನೂನಿನ ರಕ್ಷೆ ಇಲ್ಲ. ಕೊಳ್ಳುವವನ ಮನಸ್ಸಾಕ್ಷಿಯೊಂದೇ ರಕ್ಷೆ.

ಮಾಡಬೇಕಾದದ್ದು

ಈಗಾಗಲೇ ತಂದವರು ತಂದ ಜೀವಿಯನ್ನು ಅದರ ಆಯುಷ್ಯ ಮುಗಿಯುವವರೆಗೆ ಮೇಲೆ ಹೇಳಿದ ಕ್ರಮದಲ್ಲಿ ಸಾಕಲಿ, ಇನ್ನೊಂದನ್ನು ತರದಿರಲಿ. ಬೇಸರ ಬಂತೆಂದು ತೊಟ್ಟಿಯ ಯಾವ ಜೀವಿಯನ್ನೂ ಹೊಳೆಗೋ ಕೆರೆಗೋ ಬಿಡುವುದು ಸಲ್ಲದು. ಕಡಲಜೀವಿ ಸಿಹಿನೀರಿನಲ್ಲಿ ಸಾಯುತ್ತದೆ. ಸಿಹಿನೀರಿನ ತೊಟ್ಟಿಯಿಂದ ಹೊರಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನಿನಂಥವು ಸಾಯದೆ ಹೆಚ್ಚಿಕೊಂಡು ದಕ್ಷಿಣ ಭಾರತದ ಅನೇಕ ಕೆರೆ-ನದಿಗಳಲ್ಲಿ ನಾಡ ಮೀನುಗಳ ನೆಲೆ ಕಸಿದಿವೆ. ಬದಲಿಸಿದ ಉಪ್ಪುನೀರನ್ನು ಗಿಡದ ಬುಡಕ್ಕೂ ಹಳ್ಳಕ್ಕೂ ಬಿಡದೆ, ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟು ಒಣಗಿಸಿ ಉಪ್ಪನ್ನು ಬೇರೆ ತೆಗೆದಿಡಬಹುದು. ಆ ಬಿಳಿಯ ರಾಶಿಯನ್ನು ಕಣ್ಣಾರೆ ನೋಡುವುದೇ ಒಂದು ಪಾಠ.

ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ತೊಟ್ಟಿಗೆ ಹಾಕುವ ಹಣದಲ್ಲಿ ಇ.ಸಿ. ಅಳೆಯುವ ಸಣ್ಣ ಉಪಕರಣವೊಂದನ್ನು ಕೊಂಡು, ತಮ್ಮ ಊರಿನ ಹತ್ತು ಹೊಲ, ಹತ್ತು ಬಾವಿ, ಒಂದು ಕಾಲುವೆಯ ಲೆಕ್ಕ ಬರೆದಿಡಲಿ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದರೆ ಮೂರು ವರ್ಷಗಳಲ್ಲಿ ಊರಿನ ಉಪ್ಪಿನ ಚರಿತ್ರೆ ಕೈಯಲ್ಲಿರುತ್ತದೆ. ಆ ಚರಿತ್ರೆಯನ್ನು ಮುಂದಿಟ್ಟು ಗ್ರಾಮಸಭೆಯಲ್ಲಿ ಬಸಿಗಾಲುವೆ ಕೇಳಿದರೆ ಉತ್ತರ ಕೊಡದೆ ಯಾರೂ ಎದ್ದುಹೋಗಲಾರರು. ಘಟ್ಟದ ವಿದ್ಯಾರ್ಥಿಗಳೂ ತಮ್ಮ ಹೊಳೆಗಳಲ್ಲಿ ಬಣ್ಣದ ಮೀನು ಹಿಡಿಯಲು ಬರುವವರ ಚೀಲಗಳತ್ತ ಒಂದು ಕಣ್ಣಿಡಬೇಕಾಗಿದೆ.

ಕೊಳವೆ ಕಡಲಹೂವು ಹೊಸ ಮರಳಿನಲ್ಲಿ ತನ್ನ ಮೊದಲ ಎಳೆಯನ್ನು ಚಾಚುವುದು ತನ್ನ ಸುತ್ತಲಿನ ನೆಲ ಆಳವಾಗಿದೆ, ನೀರು ಹದವಾಗಿದೆ, ಕೆಣಕುವವರಿಲ್ಲ ಎಂದು ಮೈಯಿಂದ ಅರಿತಾಗ ಮಾತ್ರ. ಕೊಟ್ಟಿಗೆ ಕಟ್ಟಿ ಎಮ್ಮೆ ತರುತ್ತಿದ್ದ ರೈತನಿಗೆ ಇದು ಗೊತ್ತಿತ್ತು. ಅವನ ಮಗನಿಗೆ ಅದು ಮತ್ತೆ ಗೊತ್ತಾಗಬೇಕಾದರೆ ಪಡಸಾಲೆಯ ಗಾಜಿನ ಮುಂದಿನಿಂದ ಎದ್ದು, ಮುಂಜಾನೆಯ ಬಿಸಿಲಿನಲ್ಲಿ ತನ್ನ ಹೊಲದ ಬದುವಿನ ಮೇಲೆ ಒಮ್ಮೆ ನಡೆದು, ಮಣ್ಣಿನ ಮೇಲೆ ಬಿಳಿಯ ಹೂವು ಎಲ್ಲೆಲ್ಲಿ ಅರಳಿದೆ ಎಂದು ನೋಡಿ ಬರಲಿ.